ದರ್ಜಿಯ ಎರಡು ಶಾಕಿನ ಸೈಕಲ್ಲು

“ಅಜ್ಜಾರ, ಹಳೇದನ್ನ ಬಿಡದ ಹಿಡಕೊಂಡು ಕುಂಡ್ರೂದು ನಿಷ್ಠಾ ಏನ್ರಿ, ಗಾಂಪತನ ಏನ್ರಿ?”

ಅಡಿವೆಪ್ಪ ಕೇಳಿದ್ದು ಇಷ್ಟೇ. ಆದರೆ ಇಷ್ಟನ್ನು ಕೇಳುವುದಕ್ಕೆ ಎರಡು ಬಸ್ಸು ಬದಲಿಸಿ ಬಂದಿದ್ದ.

ರವಿವಾರದ ಮುಂಜಾನೆ. ಗುಡ್ಡದ ಬುಡದ ಸಣ್ಣ ಮಠದ ಕಟ್ಟೆಯ ಮೇಲೆ ನೀಲಕಂಠಜ್ಜ ಕುಳಿತಿದ್ದರು. ಕಾವಿ ಉಡುವ ಮೊದಲು ಇಪ್ಪತ್ತು ವರ್ಷ ಹುಬ್ಬಳ್ಳಿಯಲ್ಲಿ ಸೈಕಲ್ ರಿಪೇರಿ ಮಾಡಿದವರು. ಅವರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಬೈಯುವಾಗ ಮನೆಮಾತಿನಲ್ಲಿ ಬೈಯುತ್ತಿದ್ದರು, ಕತೆ ಹೇಳುವಾಗ ಮಾತ್ರ ಪುಸ್ತಕದ ಕನ್ನಡಕ್ಕೆ ಏರುತ್ತಿದ್ದರು. ಅದೇಕೆ ಹಾಗೆ ಎಂದು ಯಾರೋ ಕೇಳಿದಾಗ, “ಕತಿ ಅಂದ್ರ ಅದಕ್ಕೂ ಒಂದು ಮಡಿ ಇರಬೇಕೋ” ಎಂದಿದ್ದರಂತೆ.

“ಯಾವ ಹಳೇದು?” ಎಂದರು ಅಜ್ಜ. “ಮನಿನೋ, ಎತ್ತೋ, ಚಪ್ಪಲಿಯೋ? ಸುತ್ತಿ ಬಳಸಿ ಮಾತಾಡಬ್ಯಾಡ. ನೆಟ್ಟಗ ಹೇಳು.”

ಅಡಿವೆಪ್ಪ ನೆಟ್ಟಗೆ ಹೇಳಿದ. ಅವನು ತತ್ವಪದ ಹಾಡುವವನು. ಇಪ್ಪತ್ತೆರಡು ವರ್ಷಗಳಿಂದ ಅವನ ಪಕ್ಕದಲ್ಲಿ ತಬಲಾ ಹಿಡಿದು ಕೂರುವವನು ಇಮಾಮಸಾಬ. ಇಬ್ಬರೂ ಒಂದೇ ಚಾಪೆಯ ಮೇಲೆ ಕುಳಿತು ಸುತ್ತಿನ ಊರುಗಳನ್ನೆಲ್ಲ ಹಾಡಿ ಬಂದವರು. ಈಚೆಗೆ ಒಂದು ವರ್ಷದಿಂದ ಇಮಾಮಸಾಬನ ಕೈ ಸರಿ ಇಲ್ಲ. ಹಾಡುವವನನ್ನು ಹಿಂದಿನಿಂದ ದಬ್ಬಿದಂತೆ ಬಾರಿಸುತ್ತಾನೆ. ಎರಡು ಕಡೆ ಪದ ನಡುವೆಯೇ ಮುರಿದುಬಿತ್ತು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಈಗ ಮುಂಡರಗಿಯ ಕಡೆಯ ಇನ್ನೊಬ್ಬ ತಬಲಾದವನು ಸಿಕ್ಕಿದ್ದಾನೆ. ಅವನ ಜೊತೆ ಕುಳಿತರೆ ಪದ ನೀರು ಹರಿದಂತೆ ಹರಿಯುತ್ತದೆ.

“ನಾಳಿ ಸೋಮವಾರದ ಭಜನಿಗೆ ಅವನ್ನ ಕೂಡಿಸಬೇಕಂತ ಮಾಡೀನ್ರಿ. ಇವತ್ತ ಹೋಗಿ ಇಮಾಮಸಾಬಗ ಬರಬ್ಯಾಡ ಅಂತ ಹೇಳಬೇಕು. ಒಂದು ಸಲ ಹೇಳಿದೆ ಅಂದ್ರ ಮುಗೀತು, ಅಂವ ತಿರುಗಿ ಬರೂ ಮನುಷ್ಯಾ ಅಲ್ಲ. ಅವನ ಮನ್ಯಾಗ ಉಂಡ ಕೈ ಐತ್ರಿ ಇದು. ಮೂರು ದಿನ ಆತು, ನಿದ್ದಿ ಹತ್ತವಲ್ದು.”

ಹೇಳಿ ಮುಗಿಸುವಷ್ಟರಲ್ಲಿ ಅಡಿವೆಪ್ಪನ ಕಣ್ಣು ತುಂಬಿತ್ತು. ಅಜ್ಜ ಅದನ್ನು ನೋಡಿಯೂ ನೋಡದವರಂತೆ ರಸ್ತೆಯ ಕಡೆ ಮುಖ ಮಾಡಿದರು.

ರಸ್ತೆಯಲ್ಲಿ ಐದಾರು ಮಂದಿ ಸೈಕಲ್ ಸವಾರರು ಬಂದು ನಿಂತು, ಮಠದ ನಳದಲ್ಲಿ ಬಾಟಲಿ ತುಂಬಿಸಿಕೊಳ್ಳುತ್ತಿದ್ದರು. ಪ್ರತಿ ರವಿವಾರ ಗುಡ್ಡ ಹತ್ತಿ ಕಲ್ಲುದಾರಿಯಲ್ಲಿ ಇಳಿಯುವ ಮಂದಿ. ಅವರ ಸೈಕಲ್ಲುಗಳು ಹಳೆಯವು. ಬಣ್ಣ ಹೋಗಿತ್ತು. ಮುಂದಿನ ಗಾಲಿಗೊಂದು, ಹಿಂದಿನ ಗಾಲಿಗೊಂದು ಪೆಟ್ಟು ತಡೆಯುವ ಶಾಕ್ ಇತ್ತು.

“ಆ ಮಂದಿನ ನೋಡು,” ಎಂದರು ಅಜ್ಜ. “ಪ್ಯಾಟ್ಯಾಗ ಇವಕ್ಕಿಂತ ಚಲೋ ಸೈಕಲ್ ಬಂದಾವು. ಇವರು ಬಿಡಂಗಿಲ್ಲ. ಹತ್ತು ವರ್ಷ, ಹದಿನೈದು ವರ್ಷ ಅದನ್ನ ತುಳೀತಾರ. ಜಿಪುಣರು ಅಂತಾರ ಮಂದಿ. ಹುಚ್ಚರು ಅಂತಾರ. ನಿನ್ನ ಪ್ರಶ್ನಿ ಇವರಿಗೂ ಹತ್ತತೈತಿ. ಕುಂಡ್ರು.”

ಅಡಿವೆಪ್ಪ ಕುಳಿತ. ಅಜ್ಜ ಪುಸ್ತಕದ ಕನ್ನಡಕ್ಕೆ ಏರಿದರು.

ಒಂದೂರಿನಲ್ಲಿ ಒಬ್ಬ ದರ್ಜಿ ಇದ್ದ. ವಾರದ ಆರು ದಿನ ಅಂಗಡಿಯಲ್ಲಿ ಕುಳಿತು ಬಟ್ಟೆ ಹೊಲಿಯುತ್ತಿದ್ದ. ಏಳನೆಯ ದಿನ ಸೈಕಲ್ ಹತ್ತಿ ಗುಡ್ಡಕ್ಕೆ ಹೋಗುತ್ತಿದ್ದ. ಬೇರೆ ಚಟ ಇರಲಿಲ್ಲ. ಹೆಂಡತಿ ಇದ್ದಳು, ಒಳ್ಳೆಯವಳು, ಆದರೆ ಬಾಯಿ ಸುಮ್ಮನಿರುತ್ತಿರಲಿಲ್ಲ.

ಅವನ ಸೈಕಲ್ಲಿಗೆ ಎರಡು ಶಾಕ್. ಮುಂದಿನದು ಹ್ಯಾಂಡಲ್ಲಿನ ಕೆಳಗೆ, ಹಿಂದಿನದು ಸೀಟಿನ ಕೆಳಗೆ. ಗಾಲಿ ಕಲ್ಲಿನ ಮೇಲೆ ಏರಿದರೆ ಶಾಕ್ ತಾನು ಒಳಗೆ ಕುಸಿದು ಆ ಪೆಟ್ಟನ್ನು ನುಂಗುತ್ತಿತ್ತು. ಮೇಲೆ ಕುಳಿತವನ ಬೆನ್ನಿಗೆ ಅದರ ಸುದ್ದಿಯೇ ಮುಟ್ಟುತ್ತಿರಲಿಲ್ಲ. ಮದುವೆಗೆ ಮುಂಚೆ ಕೊಂಡ ಸೈಕಲ್ಲು. ಅದರ ಮೇಲೆಯೇ ಅವನು ಇಳಿಯುವುದನ್ನು ಕಲಿತ. ಎಲ್ಲಿ ಬ್ರೇಕು ಹಿಡಿಯಬೇಕು, ಎಲ್ಲಿ ಹಿಡಿದರೆ ಬೀಳುತ್ತೇನೆ, ಎಲ್ಲವನ್ನೂ ಆ ಸೈಕಲ್ಲೇ ಕಲಿಸಿತು. ಒಮ್ಮೆ ಆಳೆತ್ತರದ ಕಲ್ಲಿನ ಮೇಲಿಂದ ದಾರಿ ತಪ್ಪಿ ಕೆಳಗೆ ಬಂದ. ಗಾಲಿ ಡೊಂಕಾಯಿತು, ಇವನಿಗೆ ಮೊಣಕೈ ತರಚಿತು, ಅಷ್ಟೇ. ಅಂದು ಸೈಕಲ್ಲಿನ ಸೀಟನ್ನು ತಟ್ಟಿ, “ನನ್ನ ಪೆಟ್ಟು ನೀನು ತಿಂದೆಯಲ್ಲೋ” ಎಂದ. ನಗಬೇಡ ಅಡಿವೆಪ್ಪ. ಒಬ್ಬನೇ ಇದ್ದಾಗ ಎಲ್ಲರೂ ಹೀಗೆ ಮಾತಾಡುತ್ತಾರೆ.

ವರ್ಷಗಳು ಹೋದವು. ಗುಡ್ಡಕ್ಕೆ ಅವನ ಜೊತೆ ಬರುತ್ತಿದ್ದ ಏಳು ಮಂದಿಯಲ್ಲಿ ನಾಲ್ವರು ಹೊಸ ಸೈಕಲ್ಲು ತಂದರು. ದೊಡ್ಡ ಗಾಲಿ, ಹಗುರ ಮೈ, ಏರಿನಲ್ಲಿ ಏದುಸಿರು ಕಡಿಮೆ. ದರ್ಜಿ ತರಲಿಲ್ಲ. “ನನ್ನದಕ್ಕೆ ಏನಾಗಿದೆ?” ಎನ್ನುತ್ತಿದ್ದ.

ಏನಾಗಿತ್ತೋ, ಆಗುತ್ತಿದ್ದುದಂತೂ ನಿಜ. ಮೊದಲು ಕಲ್ಲನ್ನು ನುಂಗುತ್ತಿದ್ದ ಹಿಂದಿನ ಶಾಕ್ ಈಗ ಪ್ರತಿ ಕಲ್ಲಿಗೂ ತಳ ಮುಟ್ಟಿ ಢಬ್ ಎನ್ನುತ್ತಿತ್ತು. ಪೆಟ್ಟು ನೇರ ಸೊಂಟಕ್ಕೆ ಬರುತ್ತಿತ್ತು. ತಿರುವಿನಲ್ಲಿ ಹಿಂದಿನ ಗಾಲಿ ಅತ್ತಿತ್ತ ಆಡುತ್ತಿತ್ತು. ದಾರಿಯ ನಡುವೆ ಮೆಟ್ಟಿಲಿನಂಥ ಒಂದು ಬಂಡೆ ಇತ್ತು. ಅಲ್ಲಿ ಒಂದು ವರ್ಷದಲ್ಲಿ ಎರಡು ಸಲ ಬಿದ್ದ. ಎರಡನೆಯ ಸಲ ಹೆಗಲ ಮೂಳೆ ಮುರಿಯಿತು. ಎರಡು ತಿಂಗಳು ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿ ಇಡಬೇಕಾಯಿತು.

ಹೆಂಡತಿ ಆ ಎರಡು ತಿಂಗಳೂ ಅವನಿಗೆ ಅನ್ನ ಕಲಸಿ ಕೊಟ್ಟಳು. ಕಲಸಿ ಕೊಡುತ್ತ ಹೇಳಿದಳು: “ನಿಮ್ಮ ಕೈಯೇ ಈ ಮನೆಯ ಒಲೆ. ಇನ್ನೊಂದು ಸಲ ಬಿದ್ದರೆ ಆ ಕೈ ಕತ್ತರಿ ಹಿಡಿಯುವುದಿಲ್ಲ. ಒಂದೋ ಹೊಸ ಸೈಕಲ್ಲು ತನ್ನಿ, ಇಲ್ಲವೇ ಗುಡ್ಡ ಬಿಡಿ. ನಡುವಿನ ಮಾತು ನನಗೆ ಬೇಡ.”

ಗುಡ್ಡ ಬಿಡುವುದೆಂದರೆ ಅವನಿಗೆ ಉಸಿರು ಬಿಟ್ಟ ಹಾಗೆ. ಸೈಕಲ್ಲು ಬಿಡುವುದೆಂದರೂ ಹಾಗೆಯೇ. ಗೆಳೆಯರು ಗೇಲಿ ಮಾಡಿದರು. ಒಬ್ಬ, “ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ನೀನು ನೆಲವೂ ಡೊಂಕಲ್ಲ ಸೈಕಲ್ಲೂ ಡೊಂಕಲ್ಲ ಎನ್ನುತ್ತೀಯಲ್ಲ, ನಿನ್ನ ಮೂಳೆ ಡೊಂಕೇ?” ಎಂದ. ಎಲ್ಲರೂ ನಕ್ಕರು. ದರ್ಜಿಯೂ ನಕ್ಕ. ಮನೆಗೆ ಬಂದು ಉಣ್ಣದೆ ಮಲಗಿದ.

ಆ ಊರಿನಲ್ಲಿ ಒಬ್ಬ ಸೈಕಲ್ ವ್ಯಾಪಾರಿ ಇದ್ದ. ಹಳೆಯದನ್ನು ತಂದುಕೊಟ್ಟರೆ ಬೆಲೆ ಇಳಿಸಿ ಹೊಸದನ್ನು ಕೊಡುತ್ತಿದ್ದ. ಹಾಗೆ ಬಂದ ಹಳೆಯ ಸೈಕಲ್ಲನ್ನು ಅವನು ಇನ್ನೊಬ್ಬರಿಗೆ ಮಾರುತ್ತಿರಲಿಲ್ಲ. ಗುಡ್ಡದಲ್ಲಿ ಪೆಟ್ಟು ತಿಂದ ಚೌಕಟ್ಟು ಯಾವಾಗ ಮುರಿದೀತೆಂದು ಹೇಳಲಾಗದು, ಅದನ್ನು ನಂಬಿ ಇನ್ನೊಬ್ಬ ಕತ್ತು ಮುರಿದುಕೊಳ್ಳಬಾರದು ಎನ್ನುತ್ತಿದ್ದ. ಅದಕ್ಕಾಗಿ ಗಿರಾಕಿಯ ಮುಂದೆಯೇ ಗರಗಸ ತೆಗೆದು ನಡುವೆ ಕೊಯ್ದು ಗುಜರಿಗೆ ಹಾಕುತ್ತಿದ್ದ. ಕೆಟ್ಟವನೆನ್ನಬೇಡ. ವ್ಯಾಪಾರಿಗಳಲ್ಲಿ ಹೀಗೆ ಯೋಚಿಸುವವರು ಕಡಿಮೆ.

ದರ್ಜಿ ಕೊನೆಗೆ ಅವನ ಅಂಗಡಿಯ ಮೆಟ್ಟಿಲು ಹತ್ತಿದ. ವ್ಯಾಪಾರಿ, “ಕೊಳ್ಳಬೇಡ. ಒಂದು ಸಲ ಗುಡ್ಡದಲ್ಲಿ ಇಳಿಸಿ ನೋಡು, ಆಮೇಲೆ ಮಾತಾಡೋಣ” ಎಂದು ಹೊಸ ಸೈಕಲ್ಲನ್ನು ಹೊರಗೆ ತೆಗೆಸಿದ.

ಅಂಗಡಿಯ ಮೇಸ್ತ್ರಿ ನಿಧಾನದ ಮನುಷ್ಯ. ಒಂದು ತಾಸು ತೆಗೆದುಕೊಂಡ. ದರ್ಜಿಯನ್ನು ಚೀಲ, ನೀರಿನ ಬಾಟಲಿ ಸಮೇತ ತಕ್ಕಡಿಯ ಮೇಲೆ ನಿಲ್ಲಿಸಿ ತೂಗಿದ. ಎಪ್ಪತ್ತಾರು ಕಿಲೋ. ಆ ತೂಕಕ್ಕೆ ಸರಿಯಾಗಿ ಹಿಂದಿನ ಶಾಕಿಗೆ ಸಣ್ಣ ಪಂಪಿನಿಂದ ಗಾಳಿ ತುಂಬಿದ. ದರ್ಜಿಯನ್ನು ಸೀಟಿನ ಮೇಲೆ ಕೂರಿಸಿ, ಶಾಕ್ ಎಷ್ಟು ಕುಸಿಯಿತೆಂದು ಅದರ ಮೇಲಿನ ರಬ್ಬರ್ ಬಳೆ ನೋಡಿ ಅಳೆದ. ಇಳಿಸಿದ, ಇನ್ನಷ್ಟು ತುಂಬಿದ, ಮತ್ತೆ ಕೂರಿಸಿದ. ಬ್ರೇಕಿನ ಹಿಡಿಯನ್ನು ಅವನ ಬೆರಳಿನ ಉದ್ದಕ್ಕೆ ತಂದ. ಟಯರಿನ ಗಾಳಿ ಒತ್ತಿ ನೋಡಿದ. “ನಿಮಗೆ ಮುಂದಕ್ಕೆ ಬಾಗುವ ಅಭ್ಯಾಸವೋ, ಹಿಂದಕ್ಕೆ ಸರಿಯುವ ಅಭ್ಯಾಸವೋ?” ಎಂದು ಕೇಳಿದ. ಇಷ್ಟು ವರ್ಷಗಳಲ್ಲಿ ಈ ಪ್ರಶ್ನೆಯನ್ನು ದರ್ಜಿಗೆ ಯಾರೂ ಕೇಳಿರಲಿಲ್ಲ. ಮನಸ್ಸಿಗೆ ಹಿತವೆನಿಸಿತು.

ಗುಡ್ಡದಲ್ಲಿ ಆ ಸೈಕಲ್ಲು ಹಕ್ಕಿಯ ಹಾಗೆ ಇಳಿಯಿತು. ಮೆಟ್ಟಿಲಿನ ಬಂಡೆ ಬಂದದ್ದೂ ತಿಳಿಯಲಿಲ್ಲ, ಹೋದದ್ದೂ ತಿಳಿಯಲಿಲ್ಲ. ಕೆಳಗೆ ಬಂದ ದರ್ಜಿ ಸೈಕಲ್ಲಿನಿಂದ ಇಳಿದ. ಅವನಿಗೆ ಸಂತೋಷಕ್ಕಿಂತ ಸಿಟ್ಟೇ ಹೆಚ್ಚು ಬಂದಿತ್ತು. ಯಾರ ಮೇಲೆ? ತನ್ನ ಹಳೆಯ ಸೈಕಲ್ಲಿನ ಮೇಲೆ. “ಇಷ್ಟು ವರ್ಷ ನಿನ್ನನ್ನು ಕಟ್ಟಿಕೊಂಡು ಮೂಳೆ ಮುರಿದುಕೊಂಡೆನಲ್ಲ” ಎಂದು ಹಲ್ಲು ಕಡಿದ. ವ್ಯಾಪಾರಿಗೆ ಮಾತು ಕೊಟ್ಟ: “ಮುಂದಿನ ರವಿವಾರ ಹಳೆಯದನ್ನು ತಂದು ನಿನ್ನ ಕೈಗೆ ಒಪ್ಪಿಸುತ್ತೇನೆ.”

ಮನೆಗೆ ಬಂದು ಹೇಳಿದಾಗ ಹೆಂಡತಿ ದೇವರಿಗೆ ದೀಪ ಹಚ್ಚಿದಳು.

ಈಗ ಕೇಳು. ಆ ಗುಡ್ಡದ ಸವಾರರಲ್ಲಿ ಒಂದು ಪದ್ಧತಿ ಇತ್ತು. ಯಾರು ಮಾಡಿದರೋ, ಯಾವಾಗ ಮಾಡಿದರೋ ತಿಳಿಯದು. ಬಿಡುವ ಸೈಕಲ್ಲನ್ನು ಕೊಳಕಾಗಿ ಬಿಡಬಾರದು. ನಾಳೆ ಹೊಸ ಸವಾರ ಬಂದು ಹತ್ತುತ್ತಾನೋ ಎಂಬಂತೆ ಅದನ್ನು ಬಿಚ್ಚಿ, ತೊಳೆದು, ಎಣ್ಣೆ ಹಾಕಿ, ಸವೆದದ್ದನ್ನು ಬದಲಿಸಿ, ತನ್ನ ಮೈಗೆ ಹೊಂದಿಸಿ, ಕೊನೆಯ ಸಲ ಗುಡ್ಡದ ಮೇಲಿಂದ ಇಳಿಸಬೇಕು. ಗೆಳೆಯರೆಲ್ಲ ಹಿಂದೆ ಬರಬೇಕು. ಆಮೇಲೆ ಅದನ್ನು ಕೊಡಬಹುದು, ಮಾರಬಹುದು, ಕೊಯ್ಯಬಹುದು. ಗುಜರಿಗೆ ಹೋಗುವ ಕಬ್ಬಿಣಕ್ಕೆ ಇಷ್ಟು ಸಿಂಗಾರವೇಕೆ ಎಂದು ಹೊರಗಿನವರು ಕೇಳುತ್ತಿದ್ದರು. ಇವರು ಉತ್ತರ ಕೊಡುತ್ತಿರಲಿಲ್ಲ. ಮಾಡುತ್ತಿದ್ದರು.

ಹೊಸ ಸೈಕಲ್ಲು ತಂದ ನಾಲ್ವರಲ್ಲಿ ಮೂವರು ಈ ಕೆಲಸವನ್ನು ದುಡ್ಡು ಕೊಟ್ಟು ಮಾಡಿಸಿದ್ದರು, ಒಬ್ಬ ನೀರೆರಚಿ ಮುಗಿಸಿದ್ದ. ದರ್ಜಿಗೆ ಅದು ಒಪ್ಪಲಿಲ್ಲ. ಸಿಟ್ಟಿದ್ದರೂ ಹನ್ನೆರಡು ವರ್ಷದ ಋಣ. ಶನಿವಾರ ಅಂಗಡಿ ಮುಚ್ಚಿದ. ಮೇಸ್ತ್ರಿಯ ಹತ್ತಿರ ಒಂದೆರಡು ಬಿಡಿ ಸಾಮಾನು ಕೇಳಿ ತಂದ. ಹಿತ್ತಲಲ್ಲಿ ಗೋಣಿ ಹಾಸಿ ಕುಳಿತ.

ಮೊದಲು ಹಿಂದಿನ ಕೀಲು ಬಿಚ್ಚಿದ. ಒಳಗಿನ ಬುಶ್ ಎಂಬ ಸಣ್ಣ ಬಳೆ ಸವೆದು ಅರ್ಧವಾಗಿತ್ತು. ಗ್ರೀಸು ಎಂಬುದು ಒಣಗಿ ಮಣ್ಣಾಗಿತ್ತು. ಅದನ್ನು ಕೊನೆಯ ಸಲ ಬಿಚ್ಚಿದ್ದು ಯಾವಾಗ? ಲೆಕ್ಕ ಹಾಕಿದ. ಮೊದಲ ಮಗಳು ಹುಟ್ಟುವ ಮುಂಚೆ. ಮಗಳು ಈಗ ಎರಡನೆಯ ತರಗತಿ. ತಿರುವಿನಲ್ಲಿ ಗಾಲಿ ಆಡುತ್ತಿದ್ದುದು ಯಾಕೆಂದು ತಿಳಿಯಿತು. ಬುಶ್ ಬದಲಿಸಿದ, ಹೊಸ ಗ್ರೀಸು ತುಂಬಿದ. ಗಾಲಿ ಆಡುವುದು ನಿಂತಿತು. ಅರ್ಧ ತಾಸಿನ ಕೆಲಸ.

ಆಮೇಲೆ ಸೀಟಿನ ಕೆಳಗೆ ಒರೆಸಿದ. ಶಾಕಿನ ಮಗ್ಗುಲಲ್ಲಿ ಮಣ್ಣಿನಡಿ ಒಂದು ಸಣ್ಣ ಪಟ್ಟಿ ಅಂಟಿಸಿತ್ತು. ಮೇಲೆ ಅವನದೇ ಕೈಬರಹ. ‘ತೂಕ ೫೮. ಗಾಳಿ ಇಷ್ಟು’ ಎಂದು ಅಂಕಿ ಬರೆದಿದ್ದ. ಕೊಂಡ ದಿನ ಬರೆದದ್ದು. ಅಂದು ತುಂಬಿದ ಗಾಳಿಯ ಅಂಕಿಯನ್ನೇ ಅವನು ಇಂದಿನವರೆಗೂ ಕಾಯ್ದುಕೊಂಡು ಬಂದಿದ್ದ. ತಿಂಗಳಿಗೊಮ್ಮೆ ತನ್ನ ಪಂಪು ಹಚ್ಚಿ ಅಳೆದು ನೋಡುತ್ತಿದ್ದ, ಕಡಿಮೆಯಾಗಿದ್ದರೆ ಅಷ್ಟಕ್ಕೆ ತುಂಬುತ್ತಿದ್ದ, ತಾನು ಎಷ್ಟು ಕಾಳಜಿಯ ಮನುಷ್ಯ ಎಂದು ಹಿಗ್ಗುತ್ತಿದ್ದ.

ದರ್ಜಿ ಮೊದಲು ನಕ್ಕ. ಆಮೇಲೆ ನಗು ನಿಂತಿತು.

ಅಯ್ಯೋ, ದರ್ಜಿ ಕಣೋ ಅವನು! ಊರಿನ ಹೊಟ್ಟೆಗಳಿಗೆಲ್ಲ ಅಂಗಿಯ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಟ್ಟವನು. “ಸಾಹುಕಾರರೇ, ಅಂಗಿ ಬಿಗಿಯಾದರೆ ಅಂಗಿಯ ತಪ್ಪಲ್ಲ” ಎಂದು ಗಿರಾಕಿಗಳನ್ನು ಚೇಷ್ಟೆ ಮಾಡಿದವನು. ತನ್ನ ಪ್ಯಾಂಟಿನ ಸೊಂಟವನ್ನೇ ಮೂರು ಸಲ ಬಿಚ್ಚಿ ಹೊಲಿದುಕೊಂಡಿದ್ದ. ಆದರೆ ಹೊತ್ತುಕೊಂಡು ಓಡುವ ಸೈಕಲ್ಲಿಗೆ, ‘ನಾನು ಹದಿನೆಂಟು ಕಿಲೋ ಹೆಚ್ಚಾಗಿದ್ದೇನೆ’ ಎಂದು ಒಂದು ಸಲವೂ ತಿಳಿಸಿರಲಿಲ್ಲ. ಐವತ್ತೆಂಟು ಕಿಲೋದವನಿಗೆ ತುಂಬಿದ ಗಾಳಿ ಎಪ್ಪತ್ತಾರು ಕಿಲೋದವನನ್ನು ಹೇಗೆ ಹೊರಬೇಕು? ತಳ ಮುಟ್ಟದೆ ಏನು ಮಾಡಬೇಕು? ಪ್ರತಿ ಕಲ್ಲಿಗೂ ಢಬ್ ಢಬ್ ಎಂದು ಅದು ಹೇಳುತ್ತಲೇ ಇತ್ತು. ಇವನು ಅದಕ್ಕೆ ಮುಪ್ಪು ಬಂತು ಎಂದುಕೊಂಡ.

ಹೆಂಡತಿ ಚಹಾ ತಂದಿಟ್ಟು ಹೋದಳು, ಆರಿತು. ಕೊನೆಗೆ ಎದ್ದು ಪಂಪು ಹಿಡಿದ. ಮೇಸ್ತ್ರಿ ಹೊಸದಕ್ಕೆ ಮಾಡಿದ್ದನ್ನೆಲ್ಲ ನೆನಪು ಮಾಡಿಕೊಂಡು ಇದಕ್ಕೆ ಮಾಡಿದ. ತುಂಬಿದ, ಕುಳಿತ, ರಬ್ಬರ್ ಬಳೆ ನೋಡಿದ, ಇಳಿದ, ಮತ್ತೆ ತುಂಬಿದ. ಬ್ರೇಕಿನ ಹಿಡಿಯನ್ನು ಬೆರಳಿಗೆ ತಂದ. ಕತ್ತಲಾಗುವ ಮುಂಚೆ ಕೆಲಸ ಮುಗಿಯಿತು.

ರವಿವಾರ ಗೆಳೆಯರೆಲ್ಲ ಬಂದರು. ಪದ್ಧತಿಯಂತೆ ದರ್ಜಿ ಮುಂದೆ, ಉಳಿದವರು ಹಿಂದೆ. ಕೆಳಗೆ ವ್ಯಾಪಾರಿ ಗರಗಸ ಇಟ್ಟುಕೊಂಡು ಕಾಯುತ್ತಿದ್ದ.

ಸೈಕಲ್ಲು ಇಳಿಯತೊಡಗಿತು. ಮೊದಲ ಕಲ್ಲು ಬಂತು. ಢಬ್ ಎನ್ನಲಿಲ್ಲ. ತಿರುವು ಬಂತು. ಗಾಲಿ ಗೆರೆ ಎಳೆದಂತೆ ಹೋಯಿತು. ಮೆಟ್ಟಿಲಿನ ಬಂಡೆ ಎದುರಾದಾಗ ಅವನ ಹೆಗಲ ಮೂಳೆ ತಾನಾಗಿ ನೋಯತೊಡಗಿತು. ಆದರೂ ಬ್ರೇಕು ಬಿಟ್ಟ. ಸೈಕಲ್ಲು ಒಳಗೆ ಕುಸಿದು ಮೇಲೆ ಬಂತು. ಅಷ್ಟೇ. ಹನ್ನೆರಡು ವರ್ಷದ ಹಿಂದೆ ಹೇಗೆ ಇಳಿಸಿತ್ತೋ ಹಾಗೆಯೇ ಇಳಿಸಿತು.

ಬಂಡೆ ದಾಟಿ ದರ್ಜಿ ನಿಂತುಬಿಟ್ಟ. ಸೈಕಲ್ಲು ಮಲಗಿಸಿ ಪಕ್ಕದಲ್ಲಿ ಕುಳಿತ. ಹಿಂದಿನವರು ಗಾಬರಿಯಾಗಿ ಓಡಿ ಬಂದರು.

“ಏನು ಮುರಿಯಿತು?” ಎಂದರು.

“ಏನೂ ಮುರಿದಿಲ್ಲ. ಅದಕ್ಕೇ ಅಳು ಬರುತ್ತಿದೆ,” ಎಂದ ದರ್ಜಿ.

ಅವರಿಗೆ ಅರ್ಥವಾಗಲಿಲ್ಲ. ಅವನು ಮುಖ ಒರೆಸಿಕೊಂಡು ಎದ್ದ. ಉಳಿದ ದಾರಿ ಇಳಿದು ವ್ಯಾಪಾರಿಯ ಮುಂದೆ ಹೋಗಿ ನಿಂತ. ವ್ಯಾಪಾರಿ ಕೈ ಚಾಚಿದ. ದರ್ಜಿ ಹ್ಯಾಂಡಲ್ಲು ಬಿಡಲಿಲ್ಲ.

“ತಪ್ಪಾಯಿತು. ಕೊಡಲಾರೆ,” ಎಂದ.

“ನನ್ನದು ಕೆಟ್ಟದ್ದೇ?” ವ್ಯಾಪಾರಿಗೆ ಸಿಟ್ಟು ಬಂತು. “ಹೋದ ವಾರ ಹಕ್ಕಿಯ ಹಾಗೆ ಇಳಿಯಿತು ಎಂದೆಯಲ್ಲ.”

“ಕೆಟ್ಟದ್ದೆಂದರೆ ನನ್ನ ನಾಲಿಗೆ ಬಿದ್ದುಹೋಗುತ್ತದೆ. ಇದಕ್ಕಿಂತ ನಿನ್ನದು ಇವತ್ತಿಗೂ ಒಂದು ಕೈ ಮೇಲು. ಏರಿನಲ್ಲಿ ಹಗುರ, ಗಾಲಿ ದೊಡ್ಡದು. ಆದರೆ ಹೋದ ವಾರ ನಾನು ಮೆಚ್ಚಿದ್ದರಲ್ಲಿ ಹೊಸತನ ಎಷ್ಟು, ನಿನ್ನ ಮೇಸ್ತ್ರಿಯ ಒಂದು ತಾಸು ಎಷ್ಟು? ಆ ತಾಸನ್ನು ನಾನು ಇದಕ್ಕೆ ಏಳೆಂಟು ವರ್ಷದಿಂದ ಕೊಟ್ಟಿರಲಿಲ್ಲ. ಕೊಡದೆ ಇದನ್ನು ಬೈದೆ. ಈಗ ಕೊಡುತ್ತೇನೆ. ಕೊಟ್ಟ ಮೇಲೂ ಸಾಲದೆ ಹೋದರೆ ನಿನ್ನ ಹತ್ತಿರವೇ ಬರುತ್ತೇನೆ.”

ವ್ಯಾಪಾರಿ ಅವನನ್ನೂ ಸೈಕಲ್ಲನ್ನೂ ಎರಡು ಸಲ ನೋಡಿದ. ಬಗ್ಗಿ ಹಿಂದಿನ ಕೀಲು ಅಲ್ಲಾಡಿಸಿದ, ಚೌಕಟ್ಟಿನ ಬೆಸುಗೆಯ ಮೇಲೆ ಉಗುರು ಎಳೆದು ಬಿರುಕು ಹುಡುಕಿದ. ಬಿರುಕು ಇರಲಿಲ್ಲ. ಆಮೇಲೆ ಅವನಿಗೂ ನಗು ಬಂತು. “ನಿನ್ನಂಥವರು ಹತ್ತು ಮಂದಿ ಹುಟ್ಟಿದರೆ ನಾನು ಅಂಗಡಿಗೆ ಬೀಗ ಹಾಕಿ ನಿನ್ನ ಹತ್ತಿರ ಗುಂಡಿಯ ಕಾಜಾ ಹೊಲಿಯಲು ಬರಬೇಕಾಗುತ್ತದೆ” ಎಂದ. ಗರಗಸ ಚೀಲಕ್ಕೆ ಹಾಕಿದ.

ಹೆಂಡತಿಗೆ ಒಪ್ಪಿಸುವುದು ಮಾತ್ರ ಸುಲಭವಾಗಲಿಲ್ಲ. ಅದು ಬೇರೆಯೇ ಕತೆ. ಮುಂದಿನ ರವಿವಾರ ಅವಳನ್ನೂ ಗುಡ್ಡಕ್ಕೆ ಕರೆದೊಯ್ದು ಬಂಡೆಯ ಪಕ್ಕದಲ್ಲಿ ನಿಲ್ಲಿಸಿದ, ಅವಳ ಕಣ್ಣೆದುರೇ ಮೂರು ಸಲ ಇಳಿದು ತೋರಿಸಿದ. ಮೂರನೆಯ ಸಲ ಅವಳು ಕಣ್ಣು ಮುಚ್ಚಿಕೊಳ್ಳಲಿಲ್ಲ. ಅವನ ಗೆಳೆಯರಲ್ಲಿ ಇನ್ನೂ ಹಳೆಯದನ್ನೇ ಇಟ್ಟುಕೊಂಡಿದ್ದವರು ಒಬ್ಬೊಬ್ಬರಾಗಿ ಬಂದು ಆ ಪಂಪನ್ನು ಕೇಳಿ ಒಯ್ದರು. ದರ್ಜಿ ಆಮೇಲೆ ಎಷ್ಟು ವರ್ಷ ಅದನ್ನು ತುಳಿದನೋ ನನಗೆ ಗೊತ್ತಿಲ್ಲ. ಬಿಟ್ಟಿದ್ದರೂ ಬಿಟ್ಟಿರಬಹುದು. ಬಿಟ್ಟಿದ್ದರೆ ಅವನ ನಿದ್ದೆ ಕೆಟ್ಟಿರಲಿಕ್ಕಿಲ್ಲ.

ಅಜ್ಜ ಕತೆ ನಿಲ್ಲಿಸಿದರು. ಬಾಟಲಿ ತುಂಬಿಕೊಂಡ ಸವಾರರು ಕೈಮುಗಿದು ಗುಡ್ಡದ ಕಡೆ ಹೊರಟುಹೋಗಿದ್ದರು.

ಅಡಿವೆಪ್ಪನಿಗೆ ಕತೆ ಹಿಡಿಸಿತ್ತು. ಆದರೆ ಅದು ತನಗೆ ಹೊಂದುತ್ತದೆ ಎಂದು ಅನಿಸಲಿಲ್ಲ. ತಾನು ಬಂದದ್ದು ಒಂದಕ್ಕೆ, ಅಜ್ಜ ಹೇಳಿದ್ದು ಇನ್ನೊಂದು. ತುಸು ಅಸಮಾಧಾನವೇ ಆಯಿತು.

“ಅದು ಕಬ್ಬಿಣ ಐತ್ರಿ ಅಜ್ಜಾರ,” ಎಂದ. “ತನಗ ಏನಾಗೇತಿ ಅಂತ ಅದಕ್ಕ ಬಾಯಿಲೆ ಹೇಳಾಕ ಬರಂಗಿಲ್ಲ. ಇಮಾಮಸಾಬ ಮನುಷ್ಯಾ. ಇಪ್ಪತ್ತೆರಡು ವರ್ಷ ಬಾಜೂಕ ಕುಂತಾನ. ಅವಂಗ ನಾ ಪಂಪ್ ಹಚ್ಚಿ ಗಾಳಿ ತುಂಬಲೇನು?”

ಅಜ್ಜ ಮನೆಮಾತಿಗೆ ಇಳಿದರು. ಬೈಯುತ್ತಾರೆಂದು ಅಡಿವೆಪ್ಪ ಕಾದ. ಬೈಯಲಿಲ್ಲ.

“ಬ್ಯಾಡ, ಅದು ಬಿಡು. ಆ ಹೊಸಬನ ಸುದ್ದಿ ಹೇಳು. ಅಂವ ಬಂದ ಮೊದಲನೇ ದಿನಾ ಏನ ಮಾಡಿದ?”

“ಏನೂ ಬಾರಸಲಿಲ್ರಿ. ಮೊದಲ ನನ್ನ ಮುಂದ ಕುಂತ. ಪದಾ ಹಾಡಿಸಿ ಕೇಳಿದ. ಆಮ್ಯಾಲ, ‘ನೀವು ಎಲ್ಲೆಲ್ಲಿ ಉಸಿರು ತೊಗೋತೀರಿ?’ ಅಂದ.”

“ನೀ ಏನಂದಿ?”

ಅಡಿವೆಪ್ಪ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ. “ಇದ್ದದ್ದ ಹೇಳಿದೆ. ಹ್ವಾದ ವರ್ಷ ಜ್ವರಾ ಬಂದು ಎದ್ದಾಗಿಂದ ಎದ್ಯಾಗ ದಮ್ ನಿಲ್ಲವಲ್ದು. ಮೊದಲ ಎರಡು ಸಾಲು ಒಂದ ಉಸುರಿಗೆ ಹಾಡ್ತಿದ್ದೆ, ಈಗ ಒಂದು ಸಾಲಿಗೆ ಎರಡು ಕಡೆ ನಿಂದ್ರಬೇಕು. ಅಲ್ಲಿ ನೀ ಸ್ವಲ್ಪ ತಡದು ಬಾರಸು ಅಂದೆ. ಎಂಟು ದಿನಾ ಕುಂತು ಕಲಿಸಿದೆ. ಅಂವ ಹೊರಗಿನಾಂವ ನೋಡ್ರಿ, ಹೇಳಾಕ ನಾಚಿಕಿ ಆಗಲಿಲ್ಲ.”

ಅಜ್ಜ ಅವನ ಮುಖವನ್ನೇ ನೋಡಿದರು. ಅವರ ದನಿ ಅಷ್ಟು ಮೆತ್ತಗಾಗಿದ್ದನ್ನು ಅಡಿವೆಪ್ಪ ಎಂದೂ ಕೇಳಿರಲಿಲ್ಲ.

“ಇಷ್ಟು ಮಾತು ಇಮಾಮಸಾಬನ ಮುಂದ ಯಾವತ್ತು ಆಡಿದ್ದೆಪಾ, ಅಡಿವೆಪ್ಪಾ?”

ಅಡಿವೆಪ್ಪ ಟೊಪ್ಪಿಗೆ ತಲೆಗಿಟ್ಟುಕೊಂಡು, “ಇವತ್ತ ಇಮಾಮಸಾಬನ ಮುಂದ ಕುಂತು ಪದಾ ಹಾಡ್ತೀನ್ರಿ,” ಎನ್ನುತ್ತ ಎದ್ದ.